ಹುಬ್ಬಳ್ಳಿಯ ತಿಜೋರಿ ಬಾಯಿ ಬಿಟ್ಟ ದಿನ

ಹುಬ್ಬಳ್ಳಿಯ ಹಳೆಯ ಅರಳೆ ಅಂಗಡಿಯೊಂದರ ಮೂಲೆಯಲ್ಲಿ ಬಿದ್ದಿದ್ದ, ಇಂಗ್ಲೆಂಡಿನ ಚಬ್ ಕಂಪನಿಯ ತಿಜೋರಿಯನ್ನು ನಾನು ಕೊಂಡದ್ದು ಗುಜರಿ ಲೆಕ್ಕದಲ್ಲಿ, ತೂಕಕ್ಕೆ. ಕೀಲಿಕೈ ಇತ್ತು, ತಿರುಗುತ್ತಿರಲಿಲ್ಲ. "ಕೀಲಿ ಕೆಟ್ಟು ಇಪ್ಪತ್ ವರ್ಷ ಆತ್ರಿ. ಗ್ಯಾಸ್ ಕಟರ್ ಹಚ್ಚಿ ತಗೀರಿ, ಬ್ಯಾರೆ ದಾರಿ ಇಲ್ಲ" ಎಂದರು ಅಂಗಡಿಯ ಯಜಮಾನರು. ಆರು ಮಂದಿ ಹಮಾಲರು ಕೆಳಗೆ ಪೈಪು ಕೊಟ್ಟು ಉರುಳಿಸುತ್ತ ಅದನ್ನು ಟೆಂಪೊಗೆ ಏರಿಸುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು.

ಮನೆಗೆ ತಂದ ಮೇಲೆ ಮೊದಲು ಮಾಡಿದ ಕೆಲಸ ಬಾಗಿಲಿನ ಹಿತ್ತಾಳೆ ಫಲಕವನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದು. ಪಾಲಿಶ್ ಹಚ್ಚಿ ಉಜ್ಜಿದರೆ ಅಕ್ಷರ ಸವೆಯುತ್ತವೆ, ತಿಜೋರಿಯ ವಯಸ್ಸು ಹೇಳುವುದು ಆ ಅಕ್ಷರಗಳೇ. ಲಂಡನ್ನಿನ ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್ ವಿಳಾಸ, ಹೆಸರಿನ ಕೊನೆಗೆ 'ಲಿಮಿಟೆಡ್' ಎರಡೂ ಕಂಡವು. ಕಂಪನಿ ಲಿಮಿಟೆಡ್ ಆದದ್ದು 1882ರಲ್ಲಿ, ಹಾಗಾಗಿ ಇದು ಅದಕ್ಕಿಂತ ಈಚಿನದು.

ಚಬ್ ಕೀಲಿಯ ಹುಟ್ಟೇ ಒಂದು ಕಳ್ಳತನದಿಂದ. 1817ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳ ಕೀಲಿಕೈ ಬಳಸಿ ಕಳವಾಯಿತು. ಅದರದೇ ಕೀಲಿಕೈ ಹೊರತು ಬೇರಾವುದಕ್ಕೂ ಬಗ್ಗದ ಕೀಲಿ ಮಾಡಿಕೊಡಿ ಎಂದು ಸರ್ಕಾರ ಬಹುಮಾನ ಸಾರಿತು. ಮರುವರ್ಷ ಜೆರೆಮಯ್ಯಾ ಚಬ್ ತನ್ನ 'ಡಿಟೆಕ್ಟರ್' ಕೀಲಿಗೆ ಪೇಟೆಂಟ್ ಪಡೆದ. ಒಳಗಿನ ಪ್ರತಿಯೊಂದು ಲಿವರನ್ನೂ, ಎಂದರೆ ಮೇಲೆ ಕೆಳಗೆ ಆಡುವ ತೆಳು ತಗಡನ್ನೂ, ಕೀಲಿಕೈ ಸರಿಯಾದ ಎತ್ತರಕ್ಕೇ ಎತ್ತಬೇಕು. ಯಾರಾದರೂ ತಂತಿ ಆಡಿಸಿಯೋ ತಪ್ಪು ಕೀಲಿಕೈ ಹಾಕಿಯೋ ಒಂದನ್ನು ತುಸು ಹೆಚ್ಚು ಎತ್ತಿದರೆ ಸಾಕು, ಒಂದು ಸ್ಪ್ರಿಂಗ್ ಅದನ್ನು ಅಲ್ಲೇ ಹಿಡಿದುಬಿಡುತ್ತದೆ. ಆಮೇಲೆ ಅಸಲಿ ಕೀಲಿಕೈಗೂ ಅದು ತೆರೆಯದು. ಯಾರೋ ಕೈ ಹಾಕಿದ್ದಾರೆಂದು ಯಜಮಾನನಿಗೆ ಗೊತ್ತಾಗುವುದು ಹೀಗೆ.

ಇದು ನೆನಪಾದಾಗ ನನ್ನ ಎದೆ ಹೊಡೆದುಕೊಂಡಿತು. ಕೀಲಿ ಕೆಟ್ಟಿರದಿದ್ದರೆ?

ಕಿಂಡಿಗೆ ಗಾಳಿ ಊದಿ ಧೂಳು ತೆಗೆದೆ, ಕೀಲಿಕೈಗೆ ಗ್ರಾಫೈಟ್ ಪುಡಿ ಸವರಿದೆ. ಎಣ್ಣೆ ಬೇಡ, ಅದು ಧೂಳನ್ನು ಅಂಟಿಸಿಕೊಂಡು ಲಿವರುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ತೆರೆಯುವ ಕಡೆಗಲ್ಲ, ಕೀಲಿ ಹಾಕುವ ಕಡೆಗೆ ಮೆಲ್ಲಗೆ ತಿರುಗಿಸಿದೆ. ಸ್ಪ್ರಿಂಗ್ ಹಿಡಿದಿಟ್ಟ ಲಿವರನ್ನು ಅಸಲಿ ಕೀಲಿಕೈ ಬಿಡಿಸುವುದು ಹೀಗೆಯೇ. ಎರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲ ಒಳಗಿನಿಂದ 'ಟಕ್' ಎಂಬ ಸಣ್ಣ ಸದ್ದು, ಬೆರಳ ತುದಿಗೆ ತಾಕಿದ್ದೇ ಹೆಚ್ಚು, ಕಿವಿಗೆ ಕೇಳಿದ್ದು ಕಡಿಮೆ. ಮತ್ತೆ ತೆರೆಯುವ ಕಡೆಗೆ ತಿರುಗಿಸಿದೆ. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು.

ಬಾಗಿಲು ತೆರೆದು ಕೀಲಿಯ ಹಿಂಬದಿಯ ಮುಚ್ಚಳ ಬಿಚ್ಚಿದೆ. ಹಿತ್ತಾಳೆ ಲಿವರುಗಳು ಎಲೆಯಡಿಕೆ ತಟ್ಟೆಯ ವೀಳ್ಯದೆಲೆಗಳಂತೆ ಒಂದರ ಮೇಲೊಂದು ಕೂತಿದ್ದವು. ಸವೆತ ಕಾಣಲಿಲ್ಲ, ಅಂಚಿನಲ್ಲಿ ಅರ ಹಾಕಿದ ಗೆರೆ ಇನ್ನೂ ಇದೆ. ಬಾಗಿಲನ್ನು ಹಿಡಿದಿರುವ ದಪ್ಪ ಬೋಲ್ಟುಗಳನ್ನು ಎಳೆಯುವುದು ಹಿಡಿಕೆ. ಕೀಲಿಕೈಯದು ಆ ಹಿಡಿಕೆಗೆ ಅಪ್ಪಣೆ ಕೊಡುವ ಕೆಲಸ ಮಾತ್ರ. ಅದಕ್ಕೇ ಇಷ್ಟು ಭಾರದ ಬಾಗಿಲಿಗೆ ಅಷ್ಟು ಸಣ್ಣ ಕೀಲಿಕೈ ಸಾಕು.

ನನ್ನಲ್ಲಿ ಇನ್ನೊಂದು ತಿಜೋರಿ ಇದೆ, ಲಿವರ್‌ಪೂಲಿನ ಮಿಲ್ನರ್ ಕಂಪನಿಯದು. ಬೆಂಕಿ ತಡೆಯಲು ಮಿಲ್ನರ್ 1840ರಲ್ಲಿ ಹಿಡಿದ ದಾರಿ ಗೋಡೆಯೊಳಗೆ ಪಟಿಕಾರ ತುಂಬುವುದು. ಪಟಿಕಾರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರೇ. ಬಿಸಿ ತಾಗಿದರೆ ಆ ನೀರು ಹೊರಬಂದು ಒಳಗಿನ ಕಾಗದ ಪತ್ರಗಳನ್ನು ಕಾಯುತ್ತದೆ. ಆದರೆ ನಮ್ಮ ಮಳೆಗಾಲದ ತೇವಕ್ಕೆ ಇದೇ ಪುಡಿ ತಗಡನ್ನು ಒಳಗಿಂದ ತಿನ್ನುತ್ತದೆ. ಹಳೆಯ ತಿಜೋರಿ ಕೊಳ್ಳುವ ಮೊದಲು ಅದರ ಗೋಡೆ ತಟ್ಟಿ ನೋಡಿ. ಗೋಡೆ ಮಾತ್ರ ಬಿಚ್ಚಬೇಡಿ, ಕೆಲವದರಲ್ಲಿ ಶ್ವಾಸಕೋಶಕ್ಕೆ ಅಪಾಯವಾದ ಆಸ್‌ಬೆಸ್ಟಾಸ್ ತುಂಬಿರುತ್ತದೆ.

ಚಬ್ ತೆರೆದ ಮರುದಿನ ಯಜಮಾನರಿಗೆ ಫೋನ್ ಮಾಡಿದೆ, ಓಡಿ ಬಂದರು. ಸ್ವಲ್ಪ ಹೊತ್ತು ಬಾಗಿಲು ಹಿಡಿದು ನಿಂತರು. "ಅಪ್ಪ ತೀರಿಕೊಂಡ ವರ್ಷ ಈ ಕೀಲಿಕೈ ಎಲ್ಲಿಟ್ಟಾರಂತ ಸಿಗಲಿಲ್ರಿ. ಬಜಾರದಾಗಿಂದ ಒಂದ್ ಮಾಡಿಸ್ಕೊಂಡ್ ಬಂದು ತಿರುವಿ ನೋಡಿದ್ವಿ" ಎಂದರು. ಒಳಗೆ ಅವರ ತಂದೆಯ ಕೈಬರಹದ ಎರಡು ವಹಿಗಳಿದ್ದವು. ಅವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು.