ಮಗನನ್ನು ಠಾಣೆಗೆ ಕರೆದೊಯ್ದರೆ ಮೊದಲು ಏನು ಮಾಡಬೇಕು?

ರಾಯಚೂರಿನ ಕೋರ್ಟ್ ಆವರಣದಲ್ಲಿ ಮಾನ್ವಿ ಕಡೆಯ ತಾಯಿಯೊಬ್ಬರು ಬೆಳಿಗ್ಗೆಯಿಂದ ಕೂತಿದ್ದರು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ನಾಲ್ಕಾಗಿ ಮಡಚಿದ ಶಾಲೆಯ ಟಿಸಿ. ಕಾಲುವೆ ಪಕ್ಕದ ಪಂಪ್‌ಸೆಟ್ಟಿನ ಕೇಬಲ್ ಕದ್ದ ಆರೋಪದಲ್ಲಿ ಮಗ ಸಿಕ್ಕಿಬಿದ್ದಿದ್ದ. ಠಾಣೆಯಲ್ಲಿ ಬರೆದುಕೊಂಡ ವಯಸ್ಸು 19. ತಾಯಿ ಹೇಳಿದ್ದು 17. “ಹತ್ತಿ ಬಿಡಿಸೋ ಟೈಮಿನ್ಯಾಗ ಹುಟ್ಟ್ಯಾನ್ರೀ ವಕೀಲ್ರ, ತಾರೀಕು ನಾ ಎಲ್ಲಿಂದ ತರ್ಲಿ?” ಟಿಸಿ ಬಿಚ್ಚಿ ನೋಡಿದೆ. ಜೂನ್ 1 ಎಂದಿತ್ತು.

ನಮ್ಮ ಭಾಗದ ಹಳ್ಳಿ ಶಾಲೆಗಳ ದಾಖಲೆ ತೆಗೆದರೆ ಜೂನ್ 1 ಎಂಬುದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರು ಬರೆದುಕೊಂಡ ತಾರೀಖು ಅದು. ಹುಡುಗ ಜೈಲಿಗೆ ಹೋಗಬೇಕಾ, 18 ತುಂಬದವರ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಯ ಮುಂದೆ ಹೋಗಬೇಕಾ ಅನ್ನೋದು ಎಷ್ಟೋ ಸಲ ಆ ಒಂದು ತಾರೀಖಿನ ಮೇಲೆ ನಿಲ್ಲುತ್ತದೆ. ಅದಕ್ಕೇ ಈ ಲೇಖನವನ್ನು ವಯಸ್ಸಿನಿಂದಲೇ ಶುರು ಮಾಡುತ್ತೇನೆ.

1. ವಯಸ್ಸಿನ ಕಾಗದ ಹುಡುಕಿ

ಈಗ ಜಾರಿಯಲ್ಲಿರುವುದು 2015ರ ಬಾಲನ್ಯಾಯ ಕಾಯ್ದೆ. ಕೃತ್ಯ ನಡೆದ ದಿನ 18 ತುಂಬಿರದಿದ್ದರೆ ಅವನು ಈ ಕಾಯ್ದೆಗೆ ಬರುತ್ತಾನೆ. ಸಿಕ್ಕಿಬಿದ್ದ ದಿನದ ವಯಸ್ಸು ಲೆಕ್ಕಕ್ಕಿಲ್ಲ.

ಕಾಯ್ದೆಯ 94ನೇ ಸೆಕ್ಷನ್ ಯಾವ ಕಾಗದಕ್ಕೆ ಎಷ್ಟು ಬೆಲೆ ಎಂದು ಹೇಳುತ್ತದೆ. ಮೊದಲು ನೋಡುವುದು ಶಾಲೆ ಕೊಟ್ಟ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅವು ಇಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಇದ್ಯಾವುದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆಯಂಥ ವೈದ್ಯಕೀಯ ಪರೀಕ್ಷೆ. ಆ ವರದಿ ಆದೇಶವಾದ 15 ದಿನದೊಳಗೆ ಬರಬೇಕು. ಈ ಪಟ್ಟಿಯಲ್ಲಿ ಆಧಾರ್ ಇಲ್ಲ. ಟಿಸಿ ಒಂದನ್ನೇ ನಂಬಿ ಕೂರಬೇಡಿ. ಮೊದಲು ಸೇರಿದ ಶಾಲೆಗೆ ಹೋಗಿ, ದಾಖಲಾತಿ ರಿಜಿಸ್ಟರ್ ನೋಡಿ ಜನ್ಮ ದಿನಾಂಕ ದೃಢೀಕರಿಸಿ ಬರೆದುಕೊಡಿ ಎಂದು ಹೆಡ್‌ಮಾಸ್ಟರನ್ನು ಕೇಳಿ, ಸಹಿ ಸೀಲು ಹಾಕಿಸಿಕೊಂಡು ಬನ್ನಿ.

ಮಗನನ್ನು ಆಗಲೇ ಜೈಲಿಗೆ ಕಳಿಸಿದ್ದರೂ ಕಾಲ ಮಿಂಚಿಲ್ಲ. ವಯಸ್ಸಿನ ಪ್ರಶ್ನೆಯನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ ಎತ್ತಬಹುದು. ತೀರ್ಪು ಬಂದ ಮೇಲೂ ಎತ್ತಬಹುದು.

2. ಠಾಣೆಯಲ್ಲಿ ಯಾರನ್ನು ಕೇಳಬೇಕು

ಪ್ರತಿ ಠಾಣೆಯಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. “ಸರ್, ಮಕ್ಕಳ ಕಲ್ಯಾಣ ಅಧಿಕಾರಿ ಯಾರು? ಹುಡುಗ ಅವರ ಹತ್ತಿರ ಇದ್ದಾನಾ?” ಅಂತ ನೇರವಾಗಿ ಕೇಳಿ. ಕೇಳಿದರೆ ಸಿಟ್ಟಾಗುತ್ತಾರೆ ಅನ್ನುವ ಹೆದರಿಕೆ ನಮ್ಮ ಜನಕ್ಕೆ ಜಾಸ್ತಿ. ಹೆದರಬೇಡಿ. ಮರ್ಯಾದೆಯಿಂದ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ಅವರ ಕೆಲಸ.

ಹುಡುಗನನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಕೋಳ ತೊಡಿಸುವಂತಿಲ್ಲ. ಹೊಡೆದು ಬಡಿದು ಒಪ್ಪಿಸುವಂತಿಲ್ಲ. ಯಾವ ಹೇಳಿಕೆಗೂ ಅವನಿಂದ ಸಹಿ ಹಾಕಿಸಿಕೊಳ್ಳುವಂತಿಲ್ಲ. ವಿಚಾರಿಸುವಾಗ ತಂದೆ ಅಥವಾ ತಾಯಿ ಜೊತೆಗಿರಬಹುದು. ಇದನ್ನು ಮಗನಿಗೂ ಹೇಳಿ. ಬಿಳಿ ಹಾಳೆಗೆ ಸಹಿ ಹಾಕಿ ಬಂದ ಹುಡುಗರನ್ನು ನಾನು ನೋಡಿದ್ದೇನೆ. ಆಮೇಲೆ ಅದನ್ನು ಬಿಡಿಸಿಕೊಳ್ಳಲು ಪಡುವ ಪಾಡು ಯಾರಿಗೂ ಬೇಡ.

24 ಗಂಟೆಯೊಳಗೆ ಅವನನ್ನು ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ದಾರಿಯ ಹೊತ್ತು ಇದರಲ್ಲಿ ಸೇರುವುದಿಲ್ಲ. ಅವತ್ತು ಮಂಡಳಿ ಸೇರದಿದ್ದರೆ ಅದರ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು. ಭಾನುವಾರ, ಹಬ್ಬ ಎಂದು ಠಾಣೆಯಲ್ಲೇ ಇಟ್ಟುಕೊಳ್ಳಲು ಬರುವುದಿಲ್ಲ.

3. ಆರೋಪ ಎಷ್ಟು ದೊಡ್ಡದು ನೋಡಿ

ಕಾಯ್ದೆ ಅಪರಾಧಗಳನ್ನು ಮೂರು ಗುಂಪು ಮಾಡಿದೆ. ಗರಿಷ್ಠ 3 ವರ್ಷದವರೆಗೆ ಶಿಕ್ಷೆ ಇರುವುದು ಸಣ್ಣ ಅಪರಾಧ. ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಜಾಸ್ತಿ ಇದ್ದರೆ ಘೋರ ಅಪರಾಧ. ನಡುವಿನದು ಗಂಭೀರ. ಸಾಮಾನ್ಯ ಕಳ್ಳತನ ಸಣ್ಣದರಲ್ಲಿ ಬರುತ್ತದೆ. ಕೊಲೆ ಯತ್ನ ಅಂದರೆ ಎದೆ ಝಲ್ ಅನ್ನುತ್ತದೆ ಅಲ್ವಾ? ಆದರೆ ಅದಕ್ಕೆ ಕನಿಷ್ಠ ಶಿಕ್ಷೆ ಅಂತ ಇಲ್ಲ. ಹಾಗಾಗಿ ಅದು ಘೋರದ ಗುಂಪಿಗೆ ಸೇರುವುದಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. 2021ರ ತಿದ್ದುಪಡಿಯಲ್ಲಿ ಅದು ಕಾಯ್ದೆಯೊಳಗೇ ಬಂತು.

ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದೂ ಅಲ್ಲದಿದ್ದರೆ, ಹುಡುಗನ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಠಾಣೆಯ ಡೈರಿಯಲ್ಲಿ ಬರೆದು, ಮನೆಯ ಪರಿಸ್ಥಿತಿಯ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕು. ಕೇಬಲ್ ಪ್ರಕರಣಗಳಲ್ಲಿ ಹಿಂದೆ ಒಬ್ಬ ದೊಡ್ಡವನು ಇದ್ದೇ ಇರುತ್ತಾನೆ. ತಾಮ್ರ ಕೊಳ್ಳುವವನು, ರಾತ್ರಿ ಗಾಡಿ ತರುವವನು. ಅವನ ಹೆಸರನ್ನು ಮಗ ಹೇಳಲಿ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸಿಕೊಂಡವರಿಗೆ 7 ವರ್ಷದವರೆಗೆ ಶಿಕ್ಷೆ ಇದೆ.

ಇನ್ನೊಂದು ಬಗೆಯ ಪ್ರಕರಣ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಬರುತ್ತದೆ. ಹದಿನೇಳರ ಹುಡುಗ, ಹದಿನಾರರ ಹುಡುಗಿ ಊರು ಬಿಟ್ಟು ಹೋಗುತ್ತಾರೆ. ಹುಡುಗಿ ಮನೆಯವರು ದೂರು ಕೊಡುತ್ತಾರೆ. ಅದು ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯ ಪ್ರಕರಣ ಆಗುತ್ತದೆ. ಅಲ್ಲಿ ಕನಿಷ್ಠ ಶಿಕ್ಷೆ 10 ವರ್ಷ ಇರುವ ಸೆಕ್ಷನ್ ಬಿದ್ದರೆ ಪ್ರಕರಣ ನೇರ ಘೋರದ ಗುಂಪಿಗೆ ಹೋಗುತ್ತದೆ. “ಹುಡುಗಿ ಒಪ್ಪಿದ್ದಳು” ಎಂಬ ಮಾತು ಅಲ್ಲಿ ನಡೆಯುವುದಿಲ್ಲ. 16 ತುಂಬಿದ ಹುಡುಗನ ಮೇಲೆ ಘೋರ ಆರೋಪ ಬಂದರೆ ಮಂಡಳಿ 3 ತಿಂಗಳಲ್ಲಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಇವನಿಗೆ ಆ ಕೆಲಸ ಮಾಡುವ ದೇಹ ಮನಸ್ಸಿನ ಶಕ್ತಿ ಇತ್ತಾ, ಅದರ ಪರಿಣಾಮ ಗೊತ್ತಿತ್ತಾ, ಯಾವ ಸಂದರ್ಭದಲ್ಲಿ ಮಾಡಿದ, ಇವನ್ನು ನೋಡುತ್ತಾರೆ. ದೊಡ್ಡವರಂತೆ ವಿಚಾರಣೆ ಆಗಬೇಕು ಅನ್ನಿಸಿದರೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸುತ್ತಾರೆ. ಅಲ್ಲೂ ಮರಣದಂಡನೆ ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ. ಈ ಹಂತಕ್ಕೆ ವಕೀಲರಿಲ್ಲದೆ ಹೋಗಲೇಬೇಡಿ.

4. ಜಾಮೀನು ಕೇಳಿ

ಈ ಕಾಯ್ದೆಯಲ್ಲಿ ಜಾಮೀನು ಕೊಡುವುದೇ ನಿಯಮ. ಆರೋಪ ಎಷ್ಟೇ ದೊಡ್ಡದಿರಲಿ. ಬಿಟ್ಟರೆ ರೌಡಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಆಗುತ್ತದೆ, ನ್ಯಾಯದ ಉದ್ದೇಶ ಕೆಡುತ್ತದೆ, ಈ ಮೂರರಲ್ಲಿ ಒಂದು ಕಾರಣ ಇದ್ದರೆ ಮಾತ್ರ ನಿರಾಕರಿಸಬಹುದು. ಆಗ ಅವನನ್ನು ಇಡುವುದು ವಿಚಾರಣೆ ಮುಗಿಯುವವರೆಗೆ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲಿ ಅಥವಾ ಸುರಕ್ಷಿತ ಸ್ಥಳದಲ್ಲಿ. ಜಾಮೀನು ಸಿಕ್ಕರೂ ಅದರ ಷರತ್ತು ಪೂರೈಸಲು ಆಗದೆ 7 ದಿನ ಕಳೆದರೆ ಷರತ್ತು ಸಡಿಲಿಸಲು ಮತ್ತೆ ಮಂಡಳಿಯ ಮುಂದೆ ತರಬೇಕು.

ವಕೀಲರಿಗೆ ದುಡ್ಡಿಲ್ಲ ಎಂದು ಹೊಲ ಒತ್ತೆ ಇಡಬೇಡಿ. ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಮಕ್ಕಳಿಗೆ ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಬಹುದು. ಮಕ್ಕಳ ಸಹಾಯವಾಣಿ 1098.

5. ಪರಿವೀಕ್ಷಣಾಧಿಕಾರಿ ಮನೆಗೆ ಬಂದಾಗ

ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಅಂದರೆ ಹುಡುಗನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ತಿಳಿಸುವವರು. ಎರಡು ವಾರದಲ್ಲಿ ಇವರ ವರದಿ ಮಂಡಳಿಗೆ ಹೋಗಬೇಕು. ಮನೆ, ಶಾಲೆ, ಗೆಳೆಯರು, ಕೂಲಿ, ಕುಡಿತ ಎಲ್ಲವನ್ನೂ ಕೇಳುತ್ತಾರೆ. ಮುಚ್ಚಿಡಬೇಡಿ. ಮಾನ್ವಿಯ ಆ ತಾಯಿ ಮೊದಲು “ಎಲ್ಲ ಛಲೋ ಐತ್ರಿ” ಎಂದಿದ್ದರು. ಆಮೇಲೆ ಬಿಚ್ಚಿ ಹೇಳಿದರು. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗಿದ್ದಾಗ ಹುಡುಗ ಅಜ್ಜಿಯ ಹತ್ತಿರ ಉಳಿದಿದ್ದ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ. ಮಂಡಳಿಯವರಿಗೆ ಬೇಕಾದದ್ದು ಈ ಮಾತು. ಅಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ.

ತಪ್ಪು ಮಾಡಿದ್ದಾನೆ ಎಂದಾದರೆ ಬುದ್ಧಿ ಹೇಳಿ ಬಿಡುವುದರಿಂದ ಹಿಡಿದು, ಸಮುದಾಯ ಸೇವೆ, ತಂದೆ ತಾಯಿಗೆ ದಂಡ, ಹೆಚ್ಚೆಂದರೆ 3 ವರ್ಷ ವಿಶೇಷ ಗೃಹದವರೆಗೆ (ತಪ್ಪು ಮಾಡಿದ ಮಕ್ಕಳನ್ನು ಇಟ್ಟು ತಿದ್ದುವ ಜಾಗ) ಆದೇಶ ಮಾಡಬಹುದು. ಇದನ್ನು ಕೇಳಿ “ಇಷ್ಟೇನಾ?” ಅನ್ನುವವರಿದ್ದಾರೆ. ಕೇಬಲ್ ಕಳಕೊಂಡ ರೈತನ ಬೆಳೆ ಒಣಗುತ್ತದೆ, ಅವನ ಸಂಕಟ ಸಣ್ಣದಲ್ಲ. ಆದರೆ ಹದಿನೇಳರ ಹುಡುಗನನ್ನು ಪಳಗಿದ ಕಳ್ಳರ ಜೊತೆ ಜೈಲಿನಲ್ಲಿಟ್ಟರೆ ಆ ರೈತನ ಮುಂದಿನ ಕೇಬಲ್ ಉಳಿಯುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಆದೇಶ ಸರಿಯಿಲ್ಲ ಅನ್ನಿಸಿದರೆ 30 ದಿನದಲ್ಲಿ ಮೇಲ್ಮನವಿ ಹಾಕಬಹುದು.

6. ಫೋಟೊ, ವಿಡಿಯೊ ಬೇಡ

ಹುಡುಗನ ಹೆಸರು, ಫೋಟೊ, ಊರು, ಶಾಲೆ, ಗುರುತು ಸಿಗುವಂಥ ಯಾವುದನ್ನೂ ಹಂಚುವಂತಿಲ್ಲ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಡುಗನನ್ನು ಕಂಬಕ್ಕೆ ಕಟ್ಟಿದ ವಿಡಿಯೊ ಬಂದರೆ ಸುಮ್ನೆ ಮುಂದಕ್ಕೆ ಕಳಿಸಬೇಡಿ.

7. ತಾರೀಖು ತಪ್ಪಿಸಬೇಡಿ

ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಇನ್ನೆರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧವಾಗಿದ್ದು ಆಗಲೂ ಮುಗಿಯದಿದ್ದರೆ ಪ್ರಕರಣ ಅಲ್ಲಿಗೇ ಕೊನೆ. ಮಂಡಳಿಯಲ್ಲೇ ಮುಗಿದ ಪ್ರಕರಣದಿಂದ ಮುಂದೆ ಓದಿಗೆ, ನೌಕರಿಗೆ ಅನರ್ಹತೆ ಬರುವುದಿಲ್ಲ. ನಮ್ಮಲ್ಲಿ ಎಡವಟ್ಟಾಗುವುದು ಸುಗ್ಗಿ ಮುಗಿದ ಮೇಲೆ. ಮನೆಮಂದಿಯೆಲ್ಲ ಗುಳೆ ಹೋಗುತ್ತಾರೆ, ಹುಡುಗನೂ ಹೋಗುತ್ತಾನೆ, ತಾರೀಖಿಗೆ ಯಾರೂ ಬರುವುದಿಲ್ಲ. ಹೋಗಲೇಬೇಕಾದರೆ ಮೊದಲು ವಕೀಲರಿಗೂ ಪರಿವೀಕ್ಷಣಾಧಿಕಾರಿಗೂ ತಿಳಿಸಿ, ಮಂಡಳಿಯ ಒಪ್ಪಿಗೆ ಪಡೆಯಿರಿ. ಬೆಂಗಳೂರಿನಲ್ಲಿ ಉಳಿಯುವ ಜಾಗದ ವಿಳಾಸ, ನಡೆಯುವ ಫೋನ್ ನಂಬರ್ ಎರಡನ್ನೂ ಬರೆದುಕೊಟ್ಟು ಬಸ್ ಹತ್ತಿ.