ಹಿರಿಯರ ಕೋಣೆಗೆ ಬೆಚ್ಚನೆ ನೆಲ: ಎರಿ ಮಣ್ಣಿನ ಊರಲ್ಲಿ ಹಾಕುವ ಬಗೆ

ಧಾರವಾಡದ ಚಳಿಗೆ ಇಡೀ ಮನೆಯ ನೆಲ ಕಾಯಿಸುವುದು ದುಡ್ಡಿಗೆ ದಂಡ. ನೆಲದಡಿ ಬಿಸಿನೀರಿನ ಪೈಪು ಓಡಿಸುವ ಪದ್ಧತಿ, ಅದರ ಬಾಯ್ಲರ್, ಪಂಪು ಎಲ್ಲ ಹಿಮ ಬೀಳುವ ಊರಿನವರಿಗೆ ಇರಲಿ. ಡಿಸೆಂಬರ್-ಜನವರಿಯ ನಸುಕಿನಲ್ಲಿ ಮೊಣಕಾಲು ಹಿಡಿದ ಹಿರಿಯರು ಕಾಲೂರುವ ಒಂದು ಕೋಣೆಗೆ ಕರೆಂಟಿನ ಹೀಟಿಂಗ್ ಮ್ಯಾಟ್ (ಜಾಳಿಗೆಗೆ ಬಿಸಿಯಾಗುವ ಕೇಬಲ್ ಕೂಡಿಸಿದ, ಟೈಲ್ಸಿನಡಿ ಹಾಸುವ ಚಾಪೆ) ಸಾಕು.

10×12 ಅಡಿ ಕೋಣೆ ಎಂದರೆ ಸುಮಾರು 11 ಚದರ ಮೀಟರ್. ತಿಜೋರಿ, ನೆಲಕ್ಕೆ ಹತ್ತಿ ಕೂರುವ ಮಂಚ ಇರುವ ಜಾಗ ಬಿಡಿ. ಅವುಗಳಡಿ ಶಾಖ ಸಿಕ್ಕಿಬಿದ್ದು ಕೇಬಲ್ ಸುಡಬಹುದು. ಓಡಾಡುವ 6 ಚದರ ಮೀಟರಿಗೆ ಅರ್ಧ ಮೀಟರ್ ಅಗಲದ ಮ್ಯಾಟ್ 12 ಮೀಟರ್ ಬೇಕು. ಚದರ ಮೀಟರಿಗೆ 150 ವ್ಯಾಟ್‌ನದು ತಂದರೆ ಒಟ್ಟು 900 ವ್ಯಾಟ್, ಸುಮಾರು 4 ಆಂಪ್. ದಿನಕ್ಕೆ 3 ತಾಸು ಹಚ್ಚಿದರೂ 2.7 ಯೂನಿಟ್ ದಾಟುವುದಿಲ್ಲ. ಇನ್ವರ್ಟರ್ ಲೈನಿಗೆ ಮಾತ್ರ ಕೊಡಬೇಡಿ.

ನಮ್ಮ ಕಡೆ ಕೆಲಸ ಕೆಡುವುದು ಅಡಿಯ ಮಣ್ಣಿನಿಂದ. ಹುಬ್ಬಳ್ಳಿ, ಗದಗ ಸುತ್ತಿನ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಕೂತ ನೆಲ ಸೀಳಿದರೆ ಒಳಗಿನ ಕೇಬಲ್ಲೂ ಹರಿಯುತ್ತದೆ. ಹಳೆ ಫರ್ಸಿಯನ್ನು ನಾಣ್ಯದಿಂದ ಕುಟ್ಟಿ ನೋಡಿ: ಟೊಳ್ಳು ಸಪ್ಪಳ ಬಂದರೆ, ಅಥವಾ ಸಂದಿನಲ್ಲಿ ಸಿಮೆಂಟ್ ಬಿಟ್ಟು ನಿಂತಿದ್ದರೆ, ಫರ್ಸಿ ಎಬ್ಬಿಸಲೇಬೇಕು. ಎರಿ ತೆಗೆದು ಗರಸು ತುಂಬಿ, ಅರ್ಧ ಅಡಿಗೊಮ್ಮೆ ನೀರು ಹಾಕಿ ಧಮ್ಮಸು ಮಾಡಿ, ಮೇಲೆ 4 ಇಂಚು ಕಾಂಕ್ರೀಟ್ ಹಾಕಿಸಿ. ಮಹಡಿಯ ಕೋಣೆಯಾದರೆ ಈ ತಲೆನೋವೇ ಇಲ್ಲ.

ಕಾಂಕ್ರೀಟ್ ಒಣಗಿದ ಮೇಲೆ ಸಿಮೆಂಟ್ ಲೇಪದ 10 ಮಿ.ಮೀ. ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಲಗೆ ಅಂಟಿಸಿ. ಇದನ್ನು ಬಿಟ್ಟರೆ ಬಹಳಷ್ಟು ಶಾಖ ಕೆಳಗೇ ಇಳಿಯುತ್ತದೆ. ಹಲಗೆಯ ಮೇಲೆ ಮ್ಯಾಟ್ ಹಾಸಿ. ಮ್ಯಾಟ್ ತಿರುಗಿಸುವಲ್ಲಿ ಜಾಳಿಗೆಯನ್ನಷ್ಟೇ ಕತ್ತರಿಸಿ, ಕೇಬಲ್ ಮುಟ್ಟಬೇಡಿ. ಕೇಬಲ್ ಒಂದರ ಮೇಲೊಂದು ಹಾಯಲೂಬಾರದು. ನೆಲದ ಬಿಸಿ ಅಳೆಯುವ ಸೆನ್ಸರ್ ಎರಡು ಕೇಬಲ್ ಸಾಲಿನ ನಟ್ಟನಡುವೆ, ತುದಿ ಟೇಪಿನಿಂದ ಮುಚ್ಚಿದ ಪೈಪಿನೊಳಗೆ ಇರಲಿ. ಮುಂದೆ ಅದು ಕೆಟ್ಟರೆ ಎಳೆದು ಬದಲಿಸಬಹುದು.

ಈಗ ಮಲ್ಟಿಮೀಟರ್ ಹಿಡಿಯಿರಿ. 230 ವೋಲ್ಟಿಗೆ 900 ವ್ಯಾಟ್ ಎಂದರೆ ಸುಮಾರು 59 ಓಮ್ ತೋರಿಸಬೇಕು. ಡಬ್ಬಿ ಬಿಚ್ಚಿದಾಗ, ಹಾಸಿದ ಮೇಲೆ, ಟೈಲ್ಸ್ ಕೂರಿಸಿದ ಮೇಲೆ, ಮೂರು ಸಲವೂ ಅಳೆದು ಬರೆದಿಡಿ. ಓಮ್ ಅಳತೆಯೇ ಸಿಗದೆ ಮೀಟರ್ OL ಎಂದು ತೋರಿಸಿದರೆ ಕೇಬಲ್ ಕಡಿದಿದೆ. ಓಮ್ ಸರಿಯಿದ್ದೂ ಮೆಗ್ಗರ್ (ಕೇಬಲ್ ಹೊದಿಕೆ ಕರೆಂಟ್ ತಡೆಯುವುದನ್ನು ಅಳೆಯುವ ಮೀಟರ್) ಕೆಳಗಿಳಿದರೆ, ಹೆಚ್ಚಿನಂಶ ಗೌಂಡಿಯ ಕರಣಿ ಹೊದಿಕೆಯನ್ನು ಕೆರೆದಿದೆ. ಅದಕ್ಕೇ ಪ್ಲಾಸ್ಟಿಕ್ ಕರಣಿ ಕೊಡಿ, ಹತ್ತಿರವೇ ನಿಂತು ನೋಡಿ.

ಟೈಲ್ಸಿಗೆ ಪಾಲಿಮರ್ ಬೆರೆತ ಫ್ಲೆಕ್ಸಿಬಲ್ ಅಂಟೇ ಬೇಕು. ಬರೀ ಸಿಮೆಂಟ್ ಮಾಲು ಬಿಸಿ-ತಂಪಿಗೆ ಬಿಡುತ್ತದೆ. ಹೀಟಿಂಗ್ ಕೇಬಲ್ಲಿಗೂ ಸಪ್ಲೈ ವೈರಿಗೂ ನಡುವಿನ ಗಂಟು ಅಂಟಿನೊಳಗೆ ಹೂತಿರಲಿ, ಗಾಳಿಗೆ ಬಿಟ್ಟರೆ ಕಾಯುತ್ತದೆ. ಗೋಡೆಯಂಚಿಗೆ 5 ಮಿ.ಮೀ. ಸಂದು ಬಿಡಿ. 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಟ್ಟನೆ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್ ಇಲ್ಲದೆ ಕರೆಂಟ್ ಕೊಡಲೇಬೇಡಿ.

ಕನಿಷ್ಠ ಒಂದು ವಾರ ಒಣಗಲಿ. ಅವಸರದಿಂದ ಹಚ್ಚಿದರೆ ಅಂಟು ಸೀಳುತ್ತದೆ. ಆಮೇಲೆ ಥರ್ಮೋಸ್ಟಾಟ್ 27 ಡಿಗ್ರಿಗಿಟ್ಟು, ಏಳುವುದಕ್ಕೆ ಒಂದು ತಾಸು ಮೊದಲು ಶುರುವಾಗುವಂತೆ ಟೈಮರ್ ಹೊಂದಿಸಿ. ಮೇಲೆ ಶಹಾಬಾದ್ ಫರ್ಸಿ ಹಾಸಿದ್ದರೆ ಎರಡು ತಾಸು ಮೊದಲೇ ಬೇಕು, ಕಲ್ಲು ನಿಧಾನಕ್ಕೆ ಕಾಯುತ್ತದೆ.

ಟೈಲ್ಸ್ ಮುಚ್ಚುವ ಮುಂಚೆ ಅಳತೆಯ ಟೇಪು ಹಿಡಿದು ಮ್ಯಾಟಿನ ಫೋಟೊ ತೆಗೆದು, ಒಂದು ಪ್ರತಿ ಮೀಟರ್ ಪೆಟ್ಟಿಗೆಯೊಳಗೆ ಅಂಟಿಸಿ. ನಾಳೆ ಬಾಗಿಲ ಸ್ಟಾಪರ್ ಕೂರಿಸಲು ಬಂದವನ ಡ್ರಿಲ್ಲಿಗೆ ಕೇಬಲ್ ಎಲ್ಲಿದೆಯೆಂದು ಗೊತ್ತಿರುವುದಿಲ್ಲ.