ಟೂರಿಸಂ ಕೋರ್ಸನ್ನು ಕೌಂಟರ್ ಕೆಲಸಕ್ಕೆ ಜೋಡಿಸಿದ್ದು ಹೀಗೆ

ಪ್ರವಾಸೋದ್ಯಮದ ವೃತ್ತಿ ಕೋರ್ಸಿಗೆ ಪಾಠಪಟ್ಟಿ ಮಾಡುವಾಗ ನಾನು ಮೊದಲು ಹರಡಿಕೊಳ್ಳುವುದು ಕೆಲಸದ ಜಾಹೀರಾತುಗಳನ್ನು. ಐವತ್ತು ಇದ್ದರೆ ಸಾಕು. ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುತ್ತೇನೆ: ದರಪಟ್ಟಿ ಕೊಡುವುದು, ಟಿಕೆಟ್ ಬದಲಿಸುವುದು, ವೋಚರ್ (ಹೋಟೆಲಿಗೆ ತೋರಿಸುವ ಬುಕಿಂಗ್ ಚೀಟಿ) ಕಳಿಸುವುದು, ದೂರು ನಿಭಾಯಿಸುವುದು. ಮತ್ತೆ ಮತ್ತೆ ಬರುವವು ಹದಿನೈದಿಪ್ಪತ್ತು ಕೆಲಸಗಳಷ್ಟೇ. ಯಾವುದಕ್ಕೂ ತಗುಲದ ಅಧ್ಯಾಯದ ಗಂಟೆಗಳು ಕಡಿಮೆಯಾಗುತ್ತವೆ. ಪ್ರವಾಸಿಗರ ವಿಧಗಳು, ವ್ಯಾಖ್ಯೆಗಳು ಮೊದಲು ಕತ್ತರಿಗೆ ಸಿಗುವುದು ಇಲ್ಲೇ.

ಹಾಗೆ ಉಳಿದ ಸಮಯದಲ್ಲಿ ದೊಡ್ಡ ಪಾಲು ಟೂರ್ ಕಾಸ್ಟಿಂಗ್‌ಗೆ, ಅಂದರೆ ಪ್ರವಾಸದ ಖರ್ಚು ಲೆಕ್ಕ ಹಾಕಿ ದರ ಕಟ್ಟುವುದಕ್ಕೆ. ಒಂದು ಲೆಕ್ಕ ನೋಡಿ. ಬಸ್ ಬಾಡಿಗೆ 40,000, ಗೈಡ್‌ಗೆ 8,000. ಎಷ್ಟೇ ಜನ ಬಂದರೂ ಈ 48,000 ಬದಲಾಗದು. ಕೋಣೆ, ಊಟ, ಪ್ರವೇಶ ಶುಲ್ಕ ಸೇರಿ ತಲೆಗೆ 3,000. ನಲವತ್ತು ಜನ ಬರುತ್ತಾರೆಂದು ಹಂಚಿದರೆ ತಲೆಗೆ 4,200. ಅದಕ್ಕೆ 20 ಶೇಕಡಾ ಸೇರಿಸಿ 5,040ಕ್ಕೆ ಮಾರುತ್ತಾರೆ. ಬಂದವರು 24 ಜನ. ಆದಾಯ 1,20,960, ಖರ್ಚು 1,20,000. ಜೊತೆಗೆ ಹೋದ ಟೂರ್ ಮ್ಯಾನೇಜರ್‌ನ ಕೋಣೆ, ಊಟ, ಪ್ರವೇಶದ 3,000 ಸೇರಿಸಿದರೆ 2,040 ಕೈಯಿಂದ ಹೋಯಿತು. ಹಾಗಾಗಿ 20, 30, 40 ಜನರಿಗೆ ಮೂರು ಬೇರೆ ದರ ಬರೆಯದ ಹಾಳೆಗೆ ನಾನು ಅಂಕ ಕೊಡುವುದಿಲ್ಲ. ಇನ್ನೊಂದು ಎಡವಟ್ಟು, ಖರ್ಚಿನ ಮೇಲೆ ಸೇರಿಸುವ ಮಾರ್ಕಪ್ಪನ್ನೇ ಮಾರಾಟ ಬೆಲೆಯಲ್ಲಿ ಉಳಿಯುವ ಮಾರ್ಜಿನ್ ಅಂದುಕೊಳ್ಳುವುದು. ಮಾರಾಟ ಬೆಲೆಯ 20 ಶೇಕಡಾ ಉಳಿಯಬೇಕಾದರೆ 4,200ನ್ನು 0.8ರಿಂದ ಭಾಗಿಸಬೇಕು, ಬೆಲೆ 5,250 ಆಗುತ್ತದೆ. ತಲೆಗೆ 210 ವ್ಯತ್ಯಾಸ. ಸಂದರ್ಶನದಲ್ಲಿ ಇದನ್ನು ಬಾಯಲ್ಲೇ ಕೇಳುವವರಿದ್ದಾರೆ.

ದಿನಾಂಕದ ತಪ್ಪು ಇದಕ್ಕಿಂತ ದುಬಾರಿ. 12ರ ಬೆಳಗಿನ ಜಾವ 4ಕ್ಕೆ ಇಳಿಯುವವರಿಗೆ 12ರಿಂದ ಕೋಣೆ ಹಿಡಿದರೆ, ಚೆಕ್-ಇನ್ ಮಧ್ಯಾಹ್ನ 2ಕ್ಕೆ ಇರುವಲ್ಲಿ ಹತ್ತು ಗಂಟೆ ಲಾಬಿಯಲ್ಲೇ ಕೂರಬೇಕು. 11ರ ರಾತ್ರಿಯಿಂದಲೇ ಹಿಡಿಯಬೇಕು. ವೋಚರ್‌ನಲ್ಲಿ ವಿಮಾನದ ಸಂಖ್ಯೆ ಮತ್ತು ಬರುವ ಹೊತ್ತು ಇರಬೇಕು. ಇಲ್ಲದಿದ್ದರೆ ಹೋಟೆಲಿನವರು ನೋ-ಶೋ (ಬುಕ್ ಮಾಡಿ ಬಾರದವರು) ಎಂದು ಕೋಣೆ ಬೇರೆಯವರಿಗೆ ಕೊಟ್ಟುಬಿಡಬಹುದು.

ಟಿಕೆಟಿಂಗ್‌ನಲ್ಲಿ ಪರದೆಯ ಆದೇಶಗಳನ್ನು ಬಾಯಿಪಾಠ ಮಾಡಿಸುವುದು ವ್ಯರ್ಥ, ಅಮಡಿಯಸ್ ಎಂಬ ಬುಕಿಂಗ್ ವ್ಯವಸ್ಥೆ ಕಲಿತವರು ಗೆಲಿಲಿಯೋ ಎಂಬ ಇನ್ನೊಂದರ ಮುಂದೆ ತಡವರಿಸುತ್ತಾರೆ. ಎರಡರಲ್ಲೂ ಪಿಎನ್‌ಆರ್ (ಪ್ರಯಾಣಿಕರ ಬುಕಿಂಗ್ ದಾಖಲೆ) ಕಟ್ಟಲು ಬೇಕಾದ ಐದು ಅಂಗಗಳು ಅವೇ: ಹೆಸರು, ಪ್ರಯಾಣದ ವಿವರ, ಸಂಪರ್ಕ, ಟಿಕೆಟ್ ಮಾಡುವ ಗಡುವು, ಬುಕಿಂಗ್ ಕೇಳಿದವರು ಯಾರು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು.

ಇಂಟರ್ನ್‌ಶಿಪ್ಪನ್ನು ಕೋರ್ಸಿನ ಕೊನೆಗೆ ಇಡುವುದನ್ನು ನಾನು ಒಪ್ಪುವುದಿಲ್ಲ. ನಡುವೆ ಆರು ವಾರ ಕಳಿಸಿದರೆ ಅಲ್ಲಿ ತಡವರಿಸಿದ್ದನ್ನು ವಾಪಸ್ ಬಂದು ಕಲಿಯಲು ಸಮಯ ಸಿಗುತ್ತದೆ. ಬಿಸಿ ಆರುವ ಮೊದಲೇ ಕಲಿಯಬೇಕಲ್ಲ! ಅಲ್ಲಿ ಕೆಡುವುದು ಒಂದೇ ರೀತಿ: ಆರೂ ವಾರ ಲಗೇಜ್ ಎತ್ತಿಸುತ್ತಾರೆ, ಇಲ್ಲವೇ ಜೆರಾಕ್ಸ್ ಮಾಡಿಸುತ್ತಾರೆ. ಅದಕ್ಕೆ ಹನ್ನೆರಡು ಕೆಲಸಗಳ ಹಾಳೆ ಕೊಟ್ಟು ಕಳಿಸುತ್ತೇನೆ. ಪ್ರತಿ ಕೆಲಸದ ಎದುರು ಮೇಲ್ವಿಚಾರಕರ ಸಹಿ, ದಿನಾಂಕ. ಎರಡನೇ ವಾರದ ಕೊನೆಗೆ ನಾಲ್ಕು ಸಹಿ ಬಿದ್ದಿರದಿದ್ದರೆ ಫೋನ್ ಮಾಡುತ್ತೇನೆ. ಹೋಟೆಲಿಗೆ ಹೋದವರಿಗೆ ಒಂದು ವಾರ ರಾತ್ರಿ ಪಾಳಿ ಕಡ್ಡಾಯ. ದಿನದ ಬಿಲ್‌ಗಳನ್ನು ತಾಳೆ ನೋಡಿ ಲೆಕ್ಕ ಮುಗಿಸುವ ನೈಟ್ ಆಡಿಟ್ ಹಗಲಲ್ಲಿ ನೋಡಲು ಸಿಗುವುದಿಲ್ಲ. ಹಬ್ಬ, ರಜೆ, ರಾತ್ರಿ ಎಲ್ಲವೂ ಕೆಲಸದ ಹೊತ್ತೇ ಎಂಬುದು ಪ್ರಮಾಣಪತ್ರ ಸಿಕ್ಕ ಮೇಲೆ ತಿಳಿಯುವುದಕ್ಕಿಂತ ಇಲ್ಲೇ ತಿಳಿದರೆ ಒಳ್ಳೆಯದು.

ಸಂದರ್ಶನಕ್ಕೆ ಹೋಗುವವರ ಫೈಲಿನಲ್ಲಿ ಮೂರು ಹಾಳೆ ಇರುತ್ತವೆ: ತಾವೇ ಮಾಡಿದ ಒಂದು ಕಾಸ್ಟಿಂಗ್, ಒಂದು ದಿನವಹಿ ಪ್ರವಾಸಪಟ್ಟಿ, ಸಹಿಗಳಿರುವ ಆ ಕೆಲಸದ ಹಾಳೆ. ಅಂಕಪಟ್ಟಿ ಇವುಗಳ ಹಿಂದೆ.